ಚಾಚಿದ ತೋಳು

ತಾನೇ ಲೆಕ್ಕ ಹಾಕಿದ ಆಸ್ಪತ್ರೆಯ ಮುಂಬಾಗಿಲಿನಾಚೆ ಚಾಚಿದ್ದ ಮುಂಚಾವಣಿ ಕುಸಿದ ಮೇಲೆ ಆ ಇಂಜಿನಿಯರ್ ಯಾರ ಮನೆಗೂ ಹೋಗಿರಲಿಲ್ಲ. ಇವತ್ತು ಸೋದರತ್ತೆಯ ಮನೆಗೆ ಬಂದದ್ದೂ ಅವಳು ಏನೂ ಕೇಳಲಾರಳೆಂಬ ಧೈರ್ಯದಿಂದಲೇ. ಪಾರ್ಶ್ವವಾಯು ಬಡಿದಾಗ ಅತ್ತೆಯ ಬಲಗೈ ಜೊತೆಗೆ ಮಾತೂ ಬಿದ್ದುಹೋಗಿತ್ತು.

ಬಾಗಿಲು ತೆರೆದ ಅತ್ತೆಯ ಮಗಳಿಗೆ ಮಾತ್ರ ಬಾಯಿ ನೆಟ್ಟಗಿತ್ತು. "ಬಂದ್ಯಾ ಮಹರಾಯ? ಪೊಲೀಸರು ಮೇಸ್ತ್ರೀನ ಒಳಗೆ ಹಾಕಿದಾರಂತೆ."

"ಸಿಮೆಂಟು ಕದ್ದಿದಾನೆ ಅಂತ ಅನುಮಾನ."

"ನಿಮ್ಮ ಆಫೀಸಿನೋರನ್ನ ಕೇಳಲಿಲ್ವಾ?"

"ನಮ್ಮ ಲೆಕ್ಕ ಸರಿ ಇದೆ. ಕಂಪ್ಯೂಟರೇ ಪಾಸು ಮಾಡಿದೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನು," ಎನ್ನುತ್ತ ಅವಳು ಕಾಫಿಗಿಡಲು ಒಳಗೆ ಹೋದಳು.

ಸತ್ತವರು ಇಬ್ಬರು: ಆಸ್ಪತ್ರೆಯ ಕಾವಲುಗಾರ, ಮತ್ತೆ ಹೆಂಡತಿಯ ಹೆರಿಗೆಗೆಂದು ಬಂದು ಹೊರಗೆ ಕಾಯುತ್ತಿದ್ದವನೊಬ್ಬ. ಅದೇ ಮಾಲೀಕರ ಇನ್ನೊಂದು ಆಸ್ಪತ್ರೆ ಊರಿನ ಆಚೆ ತುದಿಯಲ್ಲಿತ್ತು. ಅದೇ ನಕ್ಷೆ, ಅದೇ ಮುಂಚಾವಣಿ, ಕಟ್ಟಿದವನಷ್ಟೇ ಬೇರೆ. ಅಲ್ಲಿ ಸಿಮೆಂಟು ಚೆನ್ನಾಗಿದೆ, ಏನೂ ಆಗೋದಿಲ್ಲ ಎಂದು ಅವನು ಆ ಆಸ್ಪತ್ರೆಯವರಿಗೆ ಹೇಳಿಬಿಟ್ಟಿದ್ದ. ಅಂದಿನಿಂದ ನಿದ್ದೆ ಹತ್ತಿರ ಸುಳಿದಿರಲಿಲ್ಲ.

ಅತ್ತೆ ಕಾಲೇಜಿನಲ್ಲಿ ಇಂಜಿನಿಯರುಗಳನ್ನು ತಯಾರು ಮಾಡಿದವಳು. ಅವಳು ಕೆಲಸಕ್ಕೆ ಸೇರಿದಾಗ ಲೆಕ್ಕಕ್ಕೆ ಇದ್ದದ್ದು ಸ್ಲೈಡ್ ರೂಲ್ ಎಂಬ ಜಾರುಪಟ್ಟಿ. ಆ ಪಟ್ಟಿ ಅಂಕಿ ಕೊಡುತ್ತಿತ್ತು, ದಶಮಾಂಶದ ಚುಕ್ಕೆ ಎಲ್ಲಿ ಎಂದು ಹೇಳುತ್ತಿರಲಿಲ್ಲ. ಉತ್ತರ ಹತ್ತೋ ನೂರೋ ಎಂಬ ಅಂದಾಜು ತಲೆಯಲ್ಲೇ ಇರಬೇಕಿತ್ತು. ಅದಕ್ಕೇ ಅತ್ತೆ ಮೊದಲು ಎಲ್ಲರನ್ನೂ ನಿಲ್ಲಿಸಿ, ತೋಳು ಚಾಚಿಸಿ, ಅಂಗೈ ಮೇಲೊಂದು ಇಟ್ಟಿಗೆ ಇಡುತ್ತಿದ್ದಳು. "ಎಲ್ಲಿ ನೋಯುತ್ತೆ ಹೇಳಿ. ಲೆಕ್ಕ ಆಮೇಲೆ."

ಕ್ಯಾಲ್ಕುಲೇಟರ್ ಬಂತು, ಇಟ್ಟಿಗೆ ಹೇಗೋ ಉಳಿಯಿತು. ಕಂಪ್ಯೂಟರ್ ಬಂದಾಗ ಪ್ರಯೋಗಶಾಲೆಯ ಯಂತ್ರಗಳನ್ನು ಗುಜರಿಗೆ ಹಾಕಿ ಅಲ್ಲಿ ಸಾಲಾಗಿ ಪರದೆಗಳನ್ನು ಕೂರಿಸಿದರು. ಇಟ್ಟಿಗೆಯೂ ಹೋಯಿತು. ಅದನ್ನು ಹಿಡಿಯದೆಯೇ ಪಾಸಾದ ಮೊದಲ ತಂಡದವನು ಇವನು.

"ಅತ್ತೆ, ನಿನ್ನ ಕಾಲದ ಇಂಜಿನಿಯರಿಗೆ ತೋಳು ಬೇಕಿತ್ತು, ನಮಗೆ ಬೆರಳು ಸಾಕು," ಎಂದು ಆಗ ಚುಡಾಯಿಸಿದ್ದ.

"ಬೆರಳಿಗೆ ಭಾರ ಗೊತ್ತಾಗಲ್ಲ ಕಣೋ," ಎಂದಿದ್ದಳು ಅತ್ತೆ. ನಕ್ಕಿರಲಿಲ್ಲ.

ಈಗ ಅವಳು ದಿಂಬಿಗೊರಗಿ ಅವನನ್ನೇ ನೋಡುತ್ತಿದ್ದಳು. ಮಡಿಲಲ್ಲಿ ಪತ್ರಿಕೆ, ಅದರಲ್ಲಿ ಗೋಡೆಯ ಬುಡದಲ್ಲೇ ಮುರಿದು ನೇತಾಡುವ ಚಾವಣಿಯ ಚಿತ್ರ.

"ಸಿಮೆಂಟು ಸರಿ ಇರಲಿಲ್ಲ ಅತ್ತೆ," ಎಂದ, ಕೇಳದಿದ್ದರೂ.

ಅತ್ತೆ ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿದು ತೋಳನ್ನು ನೇರಕ್ಕೆ ಎಳೆದಳು. ಮಗ್ಗುಲಲ್ಲಿದ್ದ ದಪ್ಪ ನಿಘಂಟನ್ನು ಅವನ ಅಂಗೈಗೆ ದೂಡಿದಳು. ಆಮೇಲೆ ತನ್ನ ಮುಷ್ಟಿಯನ್ನು ಅವನ ಬೆರಳ ತುದಿಗೆ ಕೆಳಗಿನಿಂದ ಆನಿಸಿದಳು. ಭಾರವೇ ಅನ್ನಿಸಲಿಲ್ಲ. ಹಾಗೆ ಎಷ್ಟು ಹೊತ್ತು ಬೇಕಾದರೂ ಇರಬಹುದಿತ್ತು.

ಅವಳು ಮುಷ್ಟಿ ತೆಗೆದಳು.

ತೋಳು ಜಗ್ಗಿತು. ನೋವು ಬೆರಳಿಗೆ ಬರಲಿಲ್ಲ, ನೇರ ಹೆಗಲಿಗೇ ಬಂತು. ಹಲ್ಲು ಕಚ್ಚಿ ಹಿಡಿದುಕೊಂಡ. ಹೆಗಲು ನಡುಗತೊಡಗಿದಾಗ ನೆನಪಾಯಿತು: ಮೊದಲ ನಕ್ಷೆಯಲ್ಲಿ ಚಾವಣಿಯ ಮುಂದಿನ ಅಂಚಿಗೆ ಎರಡು ಕಂಬಗಳಿದ್ದವು. ಆಂಬುಲೆನ್ಸ್ ತಿರುಗಲು ಅಡ್ಡ ಎಂದು ಮಾಲೀಕರು ಗೊಣಗಿದ್ದಕ್ಕೆ ಅವನೇ ನಕ್ಷೆಯಿಂದ ಅಳಿಸಿದ್ದ. ಲೆಕ್ಕ ಮತ್ತೆ ಹಾಕಿರಲಿಲ್ಲ. ಪರದೆಯ ಮೇಲೆ ಮೂಡಿದ್ದ ಪಾಸಿನ ಹಸಿರು ಗುರುತು ಆ ಕಂಬಗಳಿದ್ದಾಗಿನದು.

ನಿಘಂಟು ನೆಲಕ್ಕೆ ಬಿತ್ತು. ಅತ್ತೆ ಅದನ್ನು ನೋಡಲಿಲ್ಲ, ಅವನ ಮುಖ ನೋಡುತ್ತಿದ್ದಳು.

ಅವನು ಆಚೆ ತುದಿಯ ಆಸ್ಪತ್ರೆಗೆ ಫೋನು ಮಾಡಿದ. "ಮುಂಬಾಗಿಲು ಮುಚ್ಚಿ. ಚಾವಣಿ ಕೆಳಗೆ ಯಾರೂ ನಿಲ್ಲಬಾರದು."

"ಏನೂ ಆಗಲ್ಲ ಅಂತ ಇಂಜಿನಿಯರೇ ಹೇಳಿದಾರಲ್ಲ ಸ್ವಾಮಿ."

"ಹೇಳಿದ್ದು ನಾನೇ. ಲೆಕ್ಕ ತಪ್ಪಿದೆ. ಮೊದಲು ಜನರನ್ನ ಸರಿಸಿ, ನಾನು ಲೈನಲ್ಲೇ ಇರ್ತೀನಿ."

ಬಾಗಿಲೆಳೆದ ಸದ್ದು ಫೋನಿನಲ್ಲಿ ಕೇಳಿಸಿದ ಮೇಲೆಯೇ ಅವನು ಎದ್ದು ಚಪ್ಪಲಿ ಮೆಟ್ಟಿದ. ಅತ್ತೆಯ ಮಗಳು ಲೋಟ ಹಿಡಿದು ಬಂದಳು. "ಕಾಫಿ ಬಿಟ್ಟು ಎಲ್ಲಿಗೋ?"

"ಮೇಸ್ತ್ರಿ ಇದಾನಲ್ಲ, ಅಲ್ಲಿಗೆ."

ಅವಳು ಬಾಗಿಲು ಬಿಟ್ಟು ಸರಿದು ನಿಂತಳು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು.