ಅತ್ತೆಯ ದನಿಗೆ ಹೊಂದಿಸಿದ ಹೆಡ್‌ಫೋನು

ಸೊರಬದ ಬಸ್ಸಿನಿಂದ ಇಳಿದು ಬಂದ ಧನ್ಯಾ ಬಾಗಿಲಲ್ಲಿ ಇನ್ನೂ ಚಪ್ಪಲಿಯನ್ನೇ ಬಿಟ್ಟಿರಲಿಲ್ಲ, ಆಗಲೇ ಅಕ್ಕನಿಗೆ ಸುದ್ದಿ ಹೇಳಿಬಿಟ್ಟಳು.

"ಅಕ್ಕಾ, ನಮ್ಮ ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ನಿನ್ನ ಹಾಡು ಇಟ್ಟಿದ್ದೀವಿ. ಹೆಸರೂ ಕೊಟ್ಟಾಯ್ತು. ಇನ್ನು ಆಗಲ್ಲ ಅಂತ ಮಾತ್ರ ಹೇಳ್ಬೇಡ ಮಾರಾಯ್ತಿ."

ಶರಣ್ಯ ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಳು. ಸೊರಬದ ಹೈಸ್ಕೂಲಿನಲ್ಲಿದ್ದಾಗ ದಿನಾ ಪ್ರಾರ್ಥನೆ ಹಾಡುತ್ತಿದ್ದವಳು ಅವಳು. ಶಿಕಾರಿಪುರದ ಚನ್ನೇಶನನ್ನು ಮದುವೆಯಾಗಿ ಬಂದ ಮೇಲೆ ಹಾಡು ನಿಂತಿರಲಿಲ್ಲ, ಆದರೆ ಗ್ರೈಂಡರ್ ತಿರುಗುವಾಗ ಮಾತ್ರ ಹಾಡುತ್ತಿದ್ದಳು. ಆ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯ.

"ಹಾಡ್ಲಿ ಬಿಡವ್ವ, ಅದಕ್ಕೇನು?" ಎಂದು ಅಡುಗೆಮನೆಯಿಂದ ಅತ್ತೆ ರಾಜೇಶ್ವರಮ್ಮ ಕೂಗಿದರು. "ಆ ನೆವದಾಗ ನಾವೂ ಸೊರಬ ನೋಡಿ ಬಂದಂಗಾಗ್ತೈತಿ."

ಅಲ್ಲಿಗೆ ಮಾತು ಮುಗಿಯಿತು. ಅತ್ತೆ ಒಪ್ಪಿದ ಮೇಲೆ ಆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ.

ಚನ್ನೇಶನಿಗಂತೂ ಉತ್ಸಾಹ ಉಕ್ಕಿತು. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟುಗಳ ಹೊಟ್ಟೆ ಬಗೆದು ಹೊಸ ತಂತಿ ಸುತ್ತುವುದು ಅವನ ಕಸುಬು. ಮನೆಯ ಟೇಪ್ ರೆಕಾರ್ಡರ್ ತಂದು ಹೆಂಡತಿಯ ಮುಂದಿಟ್ಟು, ಖಾಲಿ ಕ್ಯಾಸೆಟ್ ಹಾಕಿ, "ಹಾಡು, ಆಮೇಲೆ ಕೇಳ್ಕೊಂಡು ತಿದ್ದಿಕೋ" ಎಂದ. ಗಟ್ಟಿಯಾಗಿ ಹಾಕಿ ಕೇಳಲು ಅವಳಿಗೆ ನಾಚಿಕೆ. ಪಡಸಾಲೆಯಲ್ಲಿ ಮಾವ ಸದಾಶಿವಪ್ಪನವರು ಬೇರೆ ರೇಡಿಯೊ ಹಿಡಿದು ಕೂತಿರುತ್ತಿದ್ದರು. ಅದಕ್ಕೆಂದೇ ಶಿವಮೊಗ್ಗಕ್ಕೆ ಹೋದಾಗ ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಕ್ಕಿದ ಒಂದು ಹೆಡ್‌ಫೋನನ್ನೂ ತಂದಿದ್ದ.

ಶರಣ್ಯ ಅದನ್ನು ತಲೆಗೇರಿಸಿ ತನ್ನ ಹಾಡು ಕೇಳಿದಳು. ಎರಡು ಸಾಲು ಮುಗಿಯುವುದರೊಳಗೆ ಅವಳ ಮುಖ ಬಾಡಿತು. ತಗಡಿನ ಡಬ್ಬಿಯೊಳಗೆ ಸಿಕ್ಕಿಬಿದ್ದ ನೊಣ ಒದ್ದಾಡಿದ ಹಾಗಿತ್ತು ಆ ದನಿ. ಅವಳು ಹೆಡ್‌ಫೋನು ತೆಗೆದು ಮೆಲ್ಲಗೆ ಮಂಚದ ಮೇಲಿಟ್ಟಳು.

"ರೀ, ಧನ್ಯಾಗೆ ಬೇರೆ ಯಾರನ್ನಾದ್ರೂ ನೋಡ್ಕೋ ಅಂತ ಹೇಳಿಬಿಡ್ರಿ."

"ಯಾಕೆ? ಏನಾತು?"

"ನನ್ನ ದನಿ ಹಿಂಗೈತಿ ಅಂತ ನಂಗೇ ಗೊತ್ತಿರ್ಲಿಲ್ಲ. ನೀವೂ ಯಾರೂ ಹೇಳ್ಲಿಲ್ಲ ನೋಡ್ರಿ."

ಚನ್ನೇಶ ತಾನೂ ಕೇಳಿದ. ಹುಬ್ಬು ಗಂಟಿಕ್ಕಿದ. ಆ ಕ್ಯಾಸೆಟ್ ತೆಗೆದು ಯಾವುದೋ ಸಿನಿಮಾ ಹಾಡಿನದು ಹಾಕಿ ಕೇಳಿದ. ಅದರಲ್ಲಿ ತಬಲಾ ಬಾರಿಸಿದರೆ ಬಿಸ್ಕತ್ತಿನ ಡಬ್ಬ ತಟ್ಟಿದಂತೆ ಕೇಳಿಸಿತು.

"ನಿನ್ನ ದನಿ ಅಲ್ಲ ಕಣೆ, ಈ ಹೆಡ್‌ಫೋನಿಗೆ ನೆಗಡಿ ಆಗೈತಿ" ಎಂದ.

ಶರಣ್ಯ ನಂಬಲಿಲ್ಲ. ಗಂಡ ಸಮಾಧಾನ ಹೇಳುತ್ತಿದ್ದಾನೆ ಅಂದುಕೊಂಡಳು. ಅವಳ ಅನುಮಾನ ಕಳೆಯಲು ಅವನು ಮತ್ತೆ ಅವಳ ಹಾಡು ಹಾಕಿ, ಹೆಡ್‌ಫೋನನ್ನು ಅವಳ ಕಿವಿಗಿಟ್ಟು, ಎರಡೂ ಕಡೆ ಅಂಗೈಯಿಂದ ಬಿಗಿಯಾಗಿ ಒತ್ತಿ ಹಿಡಿದ. ನೊಣ ಮಾಯವಾಯಿತು. ಆ ಜಾಗದಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಳು. ದೂರದಲ್ಲಿ, ಮಸುಕಾಗಿ, ಆದರೂ ಹೆಂಗಸೇ. ಅವನು ಕೈ ಸಡಿಲಿಸಿದ, ಮತ್ತೆ ನೊಣ.

"ಇನ್ನೊಂದ್ಸಲ ಒತ್ರಿ" ಎಂದಳು ಶರಣ್ಯ. ಅವಳ ಕಣ್ಣು ಅರಳಿತ್ತು.

ಆ ಸಂಜೆಯೇ ಹೆಡ್‌ಫೋನಿನ ಹೊಟ್ಟೆಯನ್ನೂ ಬಗೆದದ್ದಾಯಿತು. ಒಳಗೆ ನಾಣ್ಯದಗಲದ ಪುಟ್ಟ ಸ್ಪೀಕರು, ಅದರ ಬೆನ್ನಿಗೆ ತೆಳ್ಳನೆಯ ಪ್ಲಾಸ್ಟಿಕ್ ಬಟ್ಟಲು, ಮತ್ತೇನೂ ಇಲ್ಲ. ಚನ್ನೇಶ ಬಟ್ಟಲನ್ನು ಉಗುರಿನಿಂದ ಬಡಿದು ತೋರಿಸಿದ. "ಕೇಳು, ಖಾಲಿ ಡಬ್ಬಿ. ಸ್ಪೀಕರ್ ಒಂದು ಮಾತಾಡಿದ್ರೆ ಇದು ಹಿಂದಿಂದ ಇನ್ನೊಂದು ಮಾತಾಡ್ತೈತಿ. ಮೇಲೆ ಕಿವಿ ಹತ್ರ ಸಂದು ಬೇರೆ. ಇರೋ ಅಷ್ಟು ದಪ್ಪ ಸದ್ದೂ ಅಲ್ಲೇ ಸೋರಿಹೋಗ್ತೈತಿ."

ಅವನು ಸೈಕಲ್ ಟ್ಯೂಬು ಕತ್ತರಿಸಿ ಬಟ್ಟಲಿನ ಅಂಚಿಗೆ ಬಳೆಯ ಹಾಗೆ ಕೂರಿಸಿದ. ಶರಣ್ಯ ಹಳೆಯ ದಿಂಬಿನಿಂದ ಅರಳೆ ತೆಗೆದು ಹಿಂಜಿ ಕೊಟ್ಟಳು, ಅವನು ಅದನ್ನು ಬಟ್ಟಲೊಳಗೆ ತುಂಬಿದ. ಕಿವಿಗೆ ಒರಗುವ ಸ್ಪಂಜಿನ ಬದಲು ಮಖಮಲ್ಲಿನ ರವಿಕೆ ತುಂಡಿನಲ್ಲಿ ಪುಟ್ಟ ಸಿಂಬೆಯಂಥ ಎರಡು ದಿಂಬು ಹೊಲಿದಳು. ಎಲ್ಲ ಸೇರಿಸಿ ಹಾಕಿಕೊಂಡರೆ ಈಗ ಹಾಡು ಕಾಳು ತುಂಬುವ ನೆಲದಡಿಯ ಹಗೇವಿನ ಒಳಗಿನಿಂದ, ಮೇಲೆ ಭತ್ತ ಸುರಿದ ಹಾಗೆ ಕೇಳಿಸಿತು.

"ಅರಳೆ ಜಾಸ್ತಿ ಆತು" ಎಂದಳು ಅವಳು. ಚಿಟಿಕೆ ಚಿಟಿಕೆಯಾಗಿ ತೆಗೆಯುತ್ತ ಹೋದರು. ತೆಗೆದಷ್ಟೂ ದನಿ ಮೇಲೆ ಬಂತು. ಆದರೆ ಸ, ಶ ಅಕ್ಷರ ಬಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಅದು ಅರಳೆಗೂ ಬಗ್ಗಲಿಲ್ಲ, ಮಖಮಲ್ಲಿಗೂ ಬಗ್ಗಲಿಲ್ಲ.

ಮರುದಿನ ಚನ್ನೇಶ ಗೆಳೆಯ ಸಿದ್ಧಲಿಂಗೇಶನನ್ನು ಕರೆತಂದ. ಕ್ಯಾಸೆಟ್ ಅಂಗಡಿಯ ಸಿದ್ಧಲಿಂಗೇಶ ತನ್ನ ದೊಡ್ಡ ಟೇಪ್ ಡೆಕ್ಕನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದಿದ್ದ. ಅದರ ಎದೆಯ ಮೇಲೆ ಈಕ್ವಲೈಜರಿನ ಗುಂಡಿಗಳು ಸಾಲಾಗಿದ್ದವು. ಎಡಗಡೆಯವು ದಪ್ಪ ಸದ್ದಿಗೆ, ಬಲಗಡೆಯವು ಸಣ್ಣ ಸದ್ದಿಗೆ, ನಡುವಿನವು ಮಾತಿಗೆ. ಮೇಲೆ ತಳ್ಳಿದರೆ ಏರುತ್ತದೆ, ಕೆಳಗೆ ಎಳೆದರೆ ಇಳಿಯುತ್ತದೆ ಎಂದು ಅವನು ವಿವರಿಸಿದ. ಆಮೇಲೆ ಎರಡೂ ಕೊನೆ ಎತ್ತಿ, ನಡುವೆ ತಗ್ಗಿಸಿ, ಗುಂಡಿಗಳ ಸಾಲನ್ನು ಜೋಕಾಲಿಯ ಹಗ್ಗದಂತೆ ಮಾಡಿಟ್ಟ. "ನನ್ನ ಅಂಗಡಿಗೆ ಬರೋರಿಗೆಲ್ಲ ಹಿಂಗೇ ಬೇಕ್ರೀ ಅಕ್ಕಾರೆ."

ಶರಣ್ಯ ಕೇಳಿದಳು. ಅಬ್ಬಾ! ಜೇನಿನಲ್ಲಿ ಅದ್ದಿ ತೆಗೆದ ದನಿ. ಇದು ತನ್ನದೇ ಏನು ಎಂದು ಅವಳಿಗೆ ಬೆರಗಾಯಿತು. ಎರಡು ಸಲ, ಮೂರು ಸಲ ಕೇಳಿದಳು. ಆಮೇಲೆ ಯಾಕೋ ಒಳಗೊಳಗೇ ಸಂಶಯ ಹೊಕ್ಕಿತು.

"ರೀ, ನೀವೊಂದು ಹಾಡ್ರಿ. ರೆಕಾರ್ಡ್ ಮಾಡೋಣ."

ಚನ್ನೇಶ ಹಾಡಿದರೆ ಕೊಟ್ಟಿಗೆಯ ದನ ಬೆದರಿ ಕಿವಿ ನಿಮಿರಿಸುತ್ತಿದ್ದವು. ಆದರೂ ಹೆಂಡತಿ ಕೇಳಿದಳೆಂದು ಹಾಡಿದ. ಹೆಡ್‌ಫೋನಿನಲ್ಲಿ ಅವನ ಹಾಡೂ ಜೇನೇ! ಶರಣ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಹೇಳಿದಳು: "ಇದು ಯಾರನ್ನ ಬೇಕಾದ್ರೂ ಹೊಗಳ್ತೈತಿ. ಮೊದಲಿಂದು ಎಲ್ರನ್ನೂ ಬೈತಿತ್ತು, ಇದು ಎಲ್ರನ್ನೂ ಹೊಗಳ್ತೈತಿ. ನಂಗೆ ನಿಜ ಹೇಳೋದು ಬೇಕು."

"ನಿಜ ಯಾವುದು ಅಂತ ಹೆಂಗೆ ಗೊತ್ತಾಗ್ಬೇಕ್ರೀ?" ಎಂದ ಸಿದ್ಧಲಿಂಗೇಶ. ಅವನ ಕಸುಬಿನಲ್ಲಿ ಈ ಪ್ರಶ್ನೆ ಇದುವರೆಗೆ ಯಾರೂ ಎತ್ತಿರಲಿಲ್ಲ.

ಶರಣ್ಯ ಯೋಚಿಸಿದಳು. ತನ್ನ ದನಿ ಹೇಗಿದೆಯೆಂದು ತನಗೇ ತಿಳಿಯದು. ಹಾಗಾದರೆ ಚೆನ್ನಾಗಿ ತಿಳಿದ ಸದ್ದು ಯಾವುದು? ಅಷ್ಟರಲ್ಲಿ ಅಡುಗೆಮನೆಯಿಂದ ತಪ್ ತಪ್ ಎಂದು ರೊಟ್ಟಿ ಬಡಿಯುವ ಸದ್ದು ಬಂತು. ಜೊತೆಗೆ ಬಳೆಗಳ ಕಿಣಿಕಿಣಿ. ಜೊತೆಗೆ, ಒಲೆಗೋ ಬೆಕ್ಕಿಗೋ ಗೊತ್ತಿಲ್ಲ, ಅತ್ತೆಯ ಬೈಗುಳ. ದಪ್ಪ ಸದ್ದು, ಸಣ್ಣ ಸದ್ದು, ಮಾತು, ಮೂರೂ ಒಂದೇ ಕಡೆ! ದಿನಾ ಕೇಳಿ ಕೇಳಿ ನಿದ್ದೆಯಲ್ಲೂ ಗುರುತು ಹಿಡಿಯಬಲ್ಲ ಸದ್ದುಗಳು.

"ಅತ್ತೆ, ನಿಮ್ಮನ್ನ ರೆಕಾರ್ಡ್ ಮಾಡ್ಬೇಕು" ಎಂದು ಮೈಕು ಹಿಡಿದು ಅಡುಗೆಮನೆಗೆ ಹೋದಳು.

ರಾಜೇಶ್ವರಮ್ಮ ಸೆರಗು ಸರಿಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು. ಮೈಕಿನತ್ತ ಬಾಗಿ, ಜನ್ಮದಲ್ಲಿ ಆಡದಿದ್ದ ಕನ್ನಡದಲ್ಲಿ, "ಎಲ್ಲರಿಗೂ ನನ್ನ ಹೃತ್ಪೂರ್ವಕ ನಮಸ್ಕಾರಗಳು" ಎಂದರು. ರೊಟ್ಟಿಯನ್ನೂ ಮಗುವಿನ ಕೆನ್ನೆ ಸವರಿದಂತೆ ಮೆಲ್ಲಗೆ ತಟ್ಟಿದರು.

"ಹಂಗಲ್ಲ ಅತ್ತೆ, ದಿನಾ ಮಾತಾಡ್ತೀರಲ್ಲ ಹಂಗೆ."

"ದಿನಾ ಹಿಂಗೇ ಅಲ್ಲೇನವ್ವ ಮಾತಾಡೋದು?"

ಬಾಗಿಲಿಗೆ ಒರಗಿ ನಿಂತಿದ್ದ ಚನ್ನೇಶನಿಗೆ ಉಪಾಯ ಹೊಳೆಯಿತು. "ಅವ್ವ, ಇತ್ತೀಚೆಗೆ ನಿನ್ನ ರೊಟ್ಟಿ ದಪ್ಪ ಆಗಾಕತ್ತಾವು" ಎಂದುಬಿಟ್ಟ.

ಅಷ್ಟು ಸಾಕಾಯಿತು. ರೊಟ್ಟಿ ಬಡಿತ ಜೋರಾಯಿತು, ಬಳೆ ಜಣಜಣ ಎಂದವು, ಅಮ್ಮ ಮಗನ ಬಾಲ್ಯದಿಂದ ಹಿಡಿದು ಅವತ್ತಿನ ತನಕದ ಎಲ್ಲ ಅಪರಾಧಗಳನ್ನೂ ತೆಗೆದರು. ನಡುನಡುವೆ, "ಏ ಶರಣ್ಯ, ಒಂದ್ ಚೊಂಬು ನೀರು ತಗಂಬಾ!" ಎಂದೂ ಕೂಗಿದರು. ಎಲ್ಲವೂ ಕ್ಯಾಸೆಟ್ಟಿನಲ್ಲಿ ಅಚ್ಚಾಯಿತು.

ಆಮೇಲೆ ಹೊಂದಿಸುವ ಕೆಲಸ. ಡೆಕ್ಕನ್ನು ಅಡುಗೆಮನೆಯ ಬಾಗಿಲಿಗೇ ತಂದಿಟ್ಟರು. ಶರಣ್ಯ ಹೆಡ್‌ಫೋನು ಹಾಕಿಕೊಂಡು ಕೂತಳು. ಒಳಗೆ ಅತ್ತೆ ಉಳಿದ ಹಿಟ್ಟಿನ ರೊಟ್ಟಿ ಬಡಿಯುತ್ತಿದ್ದರು. ಅವಳು ಒಂದು ಕಿವಿ ತೆರೆದು ನಿಜದ ಸದ್ದು ಕೇಳುವಳು, ಮುಚ್ಚಿ ಕ್ಯಾಸೆಟ್ಟಿನದು ಕೇಳುವಳು.

"ರೊಟ್ಟಿ ಡೊಳ್ಳು ಬಡಿದಂಗೈತಿ. ದಪ್ಪ ಇಳಿಸ್ರಿ."

ಚನ್ನೇಶ ಎಡಗಡೆಯ ಗುಂಡಿ ಎಳೆದ.

"ಬಳೆ ಅಲ್ಲ ಇದು, ಬಾಟ್ಲಿ ಒಡೆದಂಗೈತಿ. ಬಲಗಡೆದು ಇಳಿಸ್ರಿ. ಇನ್ನೊಂಚೂರು. ಸಾಕು ಸಾಕು. ಅತ್ತೆ ಪಕ್ಕದ ಮನೇಲಿ ನಿಂತು ಬೈದಂಗೈತಿ, ನಡುವಿಂದು ಏರಿಸ್ರಿ."

ಗುಂಡಿಗಳ ಸಾಲು ಜೋಕಾಲಿಯ ಆಕಾರ ಬಿಟ್ಟು ಎಲ್ಲೆಲ್ಲೋ ತಿರುಗಿ, ಸಿದ್ಧಲಿಂಗೇಶ ಎಂದೂ ಕಾಣದ ಒಂದು ಸೊಟ್ಟ ಸಾಲಾಯಿತು. ಬಟ್ಟಲಿನಿಂದ ಇನ್ನೊಂದು ಎಳೆ ಅರಳೆಯೂ ಹೊರಬಂತು. ಶರಣ್ಯ ಕಣ್ಣು ಮುಚ್ಚಿ ಕೇಳುತ್ತಿದ್ದವಳು ಇದ್ದಕ್ಕಿದ್ದಂತೆ ಹೆಡ್‌ಫೋನು ಕಳಚಿಟ್ಟು, ಎದ್ದು ಹೋಗಿ ಹಂಡೆಯಿಂದ ಒಂದು ಚೊಂಬು ನೀರು ತಂದು ಅತ್ತೆಯ ಮುಂದಿಟ್ಟಳು.

"ನೀರು ಯಾಕವ್ವ?" ಎಂದರು ರಾಜೇಶ್ವರಮ್ಮ.

"ನೀವೇ ಕೂಗಿದ್ರಲ್ಲ..." ಎಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು. ಕೂಗಿದ್ದು ಕ್ಯಾಸೆಟ್ಟು!

ಚನ್ನೇಶ ಕುಣಿದೇಬಿಟ್ಟ. ಸಿದ್ಧಲಿಂಗೇಶ ಗುಂಡಿಗಳು ಅಲ್ಲಾಡಿದರೂ ಮತ್ತೆ ಅಲ್ಲಿಗೇ ತರಲಾಗುವಂತೆ ಅವುಗಳ ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಗುರುತು ಮಾಡಿದ. ಇಷ್ಟೆಲ್ಲ ಗದ್ದಲ ಯಾಕೆಂದು ತಿಳಿಯದ ರಾಜೇಶ್ವರಮ್ಮ ತಾವೂ ಕೇಳಬೇಕೆಂದು ಹಟ ಹಿಡಿದರು. ಹೆಡ್‌ಫೋನು ಹಾಕಿದ ಕೂಡಲೇ ಅವರ ಮುಖ ಗಂಟಾಯಿತು.

"ಯಾರಿವಳು? ಉಡುತಡಿಯ ನಮ್ಮ ದುರ್ಗಕ್ಕ ಮಾತಾಡಿದಂಗೈತಲ್ಲ! ಇದು ನನ್ನ ದನಿ ಅಲ್ಲ ಬಿಡ್ರಿ."

"ನಿನ್ನದೇ ಅವ್ವ!" "ನಿಮ್ಮದೇ ಅತ್ತೆ!" "ಥೇಟ್ ನಿಮ್ಮದೇ ಅಮ್ಮಾರೆ!"

"ನಾ ಇಷ್ಟು ಗಡಸಾಗಿ ಮಾತಾಡ್ತೀನಾ? ಏನ್ರೀ, ನೀವೊಂದಿಷ್ಟು ಕೇಳಿ ಹೇಳ್ರೀ."

ಸದಾಶಿವಪ್ಪನವರು ರೇಡಿಯೊ ಕೆಳಗಿಟ್ಟು ಬಂದರು. ಹೆಡ್‌ಫೋನನ್ನು ಪೇಟದ ಮೇಲೆಯೇ ಹಾಕಿಕೊಂಡು ಒಂದೇ ಕಿವಿಯಲ್ಲಿ ಕೇಳಿ, ಹೆಂಡತಿಯತ್ತ ನೋಡದೆ ಗಂಭೀರವಾಗಿ ಹೇಳಿದರು: "ಇದೇ ದನಿ. ಮದುವೆ ಆದಾಗಿಂದ ಕೇಳ್ತಾ ಇದೀನಿ, ನಂಗೆ ಗೊತ್ತಾಗಲ್ವಾ?"

ಎಲ್ಲರಿಗಿಂತ ಜೋರಾಗಿ ನಕ್ಕವರು ರಾಜೇಶ್ವರಮ್ಮನೇ. ನಗುತ್ತಿದ್ದ ಶರಣ್ಯಳಿಗೆ ಒಂದು ಮಾತು ಹೊಳೆಯಿತು. ಇಡೀ ಮನೆಯೇ ಬಲ್ಲ ದನಿ ಅತ್ತೆಗೆ ಮಾತ್ರ ಪರಕೀಯ! ಅಂದಮೇಲೆ ತನ್ನ ಹಾಡು ತನಗೆ ಬೇರೆ ಯಾರದೋ ಎನಿಸಿದರೆ ಅದರಲ್ಲಿ ಗಾಬರಿ ಬೀಳುವಂಥದ್ದೇನಿದೆ?

ಅವಳು ತನ್ನ ಕ್ಯಾಸೆಟ್ ಹಾಕಿದಳು. ಈ ಸಲ ನೊಣವೂ ಇಲ್ಲ, ಜೇನೂ ಇಲ್ಲ. ಒಬ್ಬ ಹೆಂಗಸು ಎದುರಿಗೇ ಕೂತು ಹಾಡುತ್ತಿದ್ದಳು. ಕೆಳಗಿನ ಸ್ವರಗಳಲ್ಲಿ ಆ ದನಿಗೆ ಒಳ್ಳೆಯ ತೂಕವಿತ್ತು, ಸ್ವಲ್ಪ ಒರಟು, ಆ ಒರಟಿನಲ್ಲೇ ಒಂದು ಹಿತ. ಮೇಲಕ್ಕೆ ಹೋದಾಗ ಮಾತ್ರ ಉಸಿರು ಸಾಲದೆ ತಂತಿಯ ಹಾಗೆ ಬಿಗಿಯುತ್ತಿತ್ತು. ತಪ್ಪು ಎಲ್ಲಿದೆಯೆಂದು ಅವಳಿಗೆ ನಿಚ್ಚಳವಾಗಿ ಕೇಳಿಸಿತು. ಹೈಸ್ಕೂಲಿನ ಹುಡುಗಿ ಹಾಡುತ್ತಿದ್ದ ಎತ್ತರದ ಶ್ರುತಿಗೇ ಅವಳು ಇನ್ನೂ ಜೋತುಬಿದ್ದಿದ್ದಳು.

"ರೀ, ನಾ ಮೇಲಿಂದ ಶುರು ಮಾಡ್ತಿದೀನಿ. ಇಳಿಸ್ಕೋಬೇಕು, ಅಷ್ಟೇ!" ಎಂದಳು. ಕಳೆದುಹೋದ ಬೀಗದ ಕೈ ಸಿಕ್ಕಿದವರ ಹಾಗಿತ್ತು ಅವಳ ಮುಖ.

ಅಂದಿನಿಂದ, ಸಿದ್ಧಲಿಂಗೇಶ ಬಿಟ್ಟುಹೋದ ಡೆಕ್ಕಿನಲ್ಲೇ, ಅಭ್ಯಾಸ ನಡೆದೇ ನಡೆಯಿತು. ಹಾಡುವುದು, ಕೇಳುವುದು, ತಿದ್ದುವುದು. ಗ್ರೈಂಡರ್ ನಿಂತಾಗಲೂ ಅವಳು ಹಾಡತೊಡಗಿದಳು.

ವಾರ್ಷಿಕೋತ್ಸವದ ದಿನ ಮಧ್ಯಾಹ್ನ ಸೊರಬದಲ್ಲಿ ಮಹಿಳಾ ಸಮಾಜದ ಸಭಾಂಗಣ ಕಿಕ್ಕಿರಿದಿತ್ತು. ಅಡಿಕೆ ಚೀಲ ಹಾಕಲು ಪೇಟೆಗೆ ಬಂದವರೂ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಹಾರ್ಮೋನಿಯಂ ಮುಂದೆ ವರದಮ್ಮ ಕೂತಿದ್ದರು. ಸಮಾಜದ ಹಿರಿಯರು, ಶರಣ್ಯಳನ್ನು ಲಂಗ ತೊಟ್ಟ ಕಾಲದಿಂದ ಬಲ್ಲವರು. ಅದೇ ನೆನಪಿನಲ್ಲಿ ಹಳೆಯ ಎತ್ತರದ ಶ್ರುತಿಯನ್ನೇ ಹಿಡಿದು, ತಲೆಯಾಡಿಸಿ ಶುರು ಮಾಡೆಂದರು.

ಶರಣ್ಯ ಬಾಯಿ ತೆರೆದಳು, ಮುಚ್ಚಿದಳು. ಸಭಾಂಗಣದ ತುಂಬ ಜನ. ಮುಂದಿನ ಸಾಲಿನಲ್ಲಿ ಅತ್ತೆ, ಮಾವ, ಗಂಡ. ಹಿಂದಿನ ಶರಣ್ಯಳಾಗಿದ್ದರೆ ಹೇಗೋ ಏಗಿ ಮುಗಿಸುತ್ತಿದ್ದಳು.

"ವರದಕ್ಕ, ಇದು ನಂಗೆ ಎತ್ತರ ಆಗ್ತೈತಿ" ಎಂದಳು. ಮೈಕು ಆ ಮಾತನ್ನು ಸಭಾಂಗಣದ ಕೊನೆಯವರೆಗೂ ಮುಟ್ಟಿಸಿತು. "ಒಂಚೂರು ಇಳಿಸಿ ಕೊಡ್ರಿ."

ವರದಮ್ಮ ಕನ್ನಡಕದ ಮೇಲಿಂದ ನೋಡಿದರು. "ಹೌದನೇ? ಕರಿ ಎರಡು ಸಾಕಾ?" ಎಂದು ಹಾರ್ಮೋನಿಯಂನ ಎರಡನೆಯ ಕರಿ ಮನೆಗೆ ಬೆರಳು ಇಳಿಸಿದರು.

"ಅದೇ ವರದಕ್ಕ. ಅಲ್ಲೇ ಇರ್ಲಿ."

ಹಾಡು ಶುರುವಾಯಿತು. ಕೆಳಗಿನಿಂದ, ಆತುರವಿಲ್ಲದೆ. ಉಸಿರು ಸಾಲಿನ ಕೊನೆಯವರೆಗೂ ಬಂತು, ಬಂದು ಇನ್ನೂ ಉಳಿಯಿತು. ಎರಡನೆಯ ಚರಣದ ಹೊತ್ತಿಗೆ ಬಾಗಿಲಲ್ಲಿ ನಿಂತವರು ಒಳಗೆ ಬಂದು ಕೂತರು. ಮೇಲಿನ ಸ್ವರ ಬಂದಾಗ ಶರಣ್ಯಳಿಗೇ ಗೊತ್ತಾಗದಂತೆ ಅದು ಸಲೀಸಾಗಿ ದಾಟಿಹೋಯಿತು. ಮುಗಿದಾಗ ಚಪ್ಪಾಳೆಗಿಂತ ಮೊದಲು ಕೇಳಿದ್ದು ರಾಜೇಶ್ವರಮ್ಮನ ಮಾತು. ಪಕ್ಕದವಳ ಕಿವಿಯಲ್ಲಿ ಹೇಳಲು ಹೊರಟಿದ್ದರು, ಆದರೆ ಅವರ ದನಿ ಕಿವಿಯಲ್ಲಿ ಹೇಳುವ ಜಾತಿಯದಾಗಿರಲಿಲ್ಲ: "ನಮ್ಮ ಸೊಸೆ ಕಣ್ರೀ!"

ಇನ್ನೊಂದು ಹಾಡೆಂದು ಜನ ಪಟ್ಟು ಹಿಡಿದರು. ಶರಣ್ಯ ಇನ್ನೊಂದು ಹಾಡಿದಳು, ಅದಾದ ಮೇಲೆ ಮತ್ತೂ ಒಂದು.

ಬಿಸಿಲಿರುವಾಗಲೇ ಶಿಕಾರಿಪುರದ ಬಸ್ಸು ಹತ್ತಿದರು. ಬಸ್ಸಿನಲ್ಲಿ ಮದುವೆ ಮುಗಿಸಿ ಈಸೂರಿಗೆ ಹೊರಟಿದ್ದ ಹೆಂಗಸರ ಗುಂಪೊಂದಿತ್ತು. ಅವರಲ್ಲಿ ಬಂಗಾರಮ್ಮ ಎಂಬೊಬ್ಬ ಮುದುಕಿ, ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಸೋಬಾನೆ ಪದ ಎತ್ತಿದಳು. ಎರಡನೇ ಸಾಲಿಗೆ ಅವಳಿಗೆ ಪದ ಮರೆತುಹೋಯಿತು. ಕಿಟಕಿಯ ಪಕ್ಕದಿಂದ ರಾಜೇಶ್ವರಮ್ಮ ಆ ಸಾಲನ್ನು ಎತ್ತಿಕೊಟ್ಟರು, ಕೊಟ್ಟು ಅಲ್ಲಿಗೇ ನಿಲ್ಲಲಿಲ್ಲ. ಚನ್ನೇಶ ತಾಯಿಯ ಹಾಡನ್ನು ಇದೇ ಮೊದಲು ಕೇಳುತ್ತಿದ್ದ. ಬಾಯಿ ತೆರೆದು ನೋಡುತ್ತ ಕೂತ. ಶರಣ್ಯ ಅತ್ತೆಯ ದನಿಯ ಕೆಳಗೆ ತನ್ನ ದನಿ ಸೇರಿಸಿದಳು. ಟಿಕೆಟ್ ಕೊಡಲು ಬಂದ ಕಂಡಕ್ಟರು ಕಂಬಕ್ಕೆ ಒರಗಿ, ಸಾಲು ಮುಗಿಯುವವರೆಗೆ ಕಾದು ನಿಂತ.