ಉಂಡ ಮೇಲೆ ಹೇಳೋಣ

ತಿರಾನಾ ಊರಿನ ಮಿಷನ್ ಮನೆಯಲ್ಲಿ ಅಡುಗೆ ಮಾಡುವವಳು ನಾನು. ಪರದೇಶದಿಂದ ಧರ್ಮಪ್ರಚಾರಕ್ಕೆ ಹೊಸ ಹುಡುಗರು ಬರುವ ದಿನ ಏನು ಬೇಯಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಲೆಯಲ್ಲಿ ಇಡೀ ಕುರಿಮರಿ, ಮೆಕ್ಕೆಜೋಳದ ರೊಟ್ಟಿ, ಉಪ್ಪು ಚೀಸ್, ಮಜ್ಜಿಗೆ. ಇವರು ಧರ್ಮದ ಕಟ್ಟಳೆಯಂತೆ ಕಾಫಿ ಕುಡಿಯುವುದಿಲ್ಲ, ರಾಕಿ ಸಾರಾಯಿಯ ಬಾಟಲಿ ಕಂಡರೆ ಮುಖ ತಿರುಗಿಸುತ್ತಾರೆ. ಮನೆಗೆ ಬಂದವರಿಗೆ ಕಾಫಿ ಕೊಡದೆ ಕೂರಿಸುವುದು ನಮ್ಮವರಿಗೆ ನಾಚಿಕೆಗೇಡು. ಅದನ್ನೂ ರೂಢಿ ಮಾಡಿಕೊಂಡಿದ್ದೇನೆ. ಮೀಸೆ ಮೂಡದ ಈ ಹುಡುಗರನ್ನು ‘ಹಿರಿಯರೇ’ ಎಂದು ಕರೆಯಬೇಕಂತೆ. ಅದನ್ನು ಮಾತ್ರ ನಾನು ರೂಢಿ ಮಾಡಿಕೊಂಡಿಲ್ಲ.

ಅವತ್ತು ಮಿಷನ್ನಿನ ಯಜಮಾನರು ಊರಲ್ಲಿರಲಿಲ್ಲ. ವ್ಲೋರಾದಲ್ಲಿ ಒಬ್ಬ ಹುಡುಗನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು, ಅಲ್ಲಿಗೆ ಹೋಗಿದ್ದರು. ಹಾಗಾಗಿ ಹೊಸಬರನ್ನು ಕರೆತರುವ, ಕೂರಿಸುವ, ಉಣಿಸುವ ಕೆಲಸವೆಲ್ಲ ನನ್ನ ಗಂಡ ಪಾಷ್ಕನ ಮೇಲೆ ಬಿತ್ತು. ಅವನು ಮಿಷನ್ನಿನ ವ್ಯಾನ್ ಓಡಿಸುತ್ತಾನೆ. ಬೆಟ್ಟದ ಸೀಮೆಯವನು. ನಾನು ಬಯಲಿನವಳು. ಮದುವೆಯಾಗಿ ಇಷ್ಟು ವರ್ಷವಾದರೂ ಅದನ್ನು ಅವನು ಮರೆತಿಲ್ಲ, ನಾನೂ ಮರೆಯಲು ಬಿಟ್ಟಿಲ್ಲ.

ಬಂದವರು ಮೂವರು. ಇಬ್ಬರು ದಾರಿಯ ಸುಸ್ತಿಗೆ ನಿಂತಲ್ಲೇ ತೂಗುತ್ತಿದ್ದರು. ಮೂರನೆಯವನು ಡೆರ್ಲಿಸ್, ಪರಾಗ್ವೆ ದೇಶದವನು. ಸಣಕಲು ಮೈ, ದೊಡ್ಡ ಕಿವಿ, ಕುತ್ತಿಗೆಗಿಂತ ಅಗಲವಾದ ಕಾಲರು. ನಮ್ಮ ಭಾಷೆಯನ್ನು ಒಂದಷ್ಟು ಕಲಿತು ಬಂದಿದ್ದ, ಅದನ್ನೆಲ್ಲ ಅವತ್ತೇ ಖರ್ಚು ಮಾಡುವ ಆತುರ ಅವನಿಗೆ.

“ದೊಡ್ಡಮ್ಮ, ನಿಮ್ಮ ಮನೆ ಚೆನ್ನಾಗಿದೆ. ನಿಮ್ಮ ಕುರಿಯೂ ಚೆನ್ನಾಗಿದೆ.”

“ಬೆಳಿಗ್ಗೆ ಬಂದು ಹೇಳಿದ್ರೆ ಕುರಿಗೂ ಖುಷಿ ಆಗ್ತಿತ್ತು,” ಎಂದೆ.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗೊಳ್ಳೆಂದು ನಕ್ಕ. “ಇದನ್ನ ನಮ್ಮಮ್ಮಂಗೆ ಹೇಳ್ಬೇಕು. ಅವಳಿಗೆ ಮೈ ಸರಿಯಿಲ್ಲ. ನಾನು ಹೋಗಲ್ಲ ಅಂದೆ. ಅವಳೇ ಬಟ್ಟೆ ಮಡಚಿ ಪೆಟ್ಟಿಗೆ ತುಂಬಿದ್ಳು.”

“ಉಣ್ಣು, ಮೊದಲು ಉಣ್ಣು,” ಎಂದು ಪಾಷ್ಕ್ ಜೋರಾಗಿ ಹೇಳಿ ಅವನನ್ನು ಮೇಜಿನ ತುದಿಯ ಕುರ್ಚಿಯಲ್ಲಿ ಕೂರಿಸಿದ. ಕುರಿಯ ತಲೆಯನ್ನು ಅವನ ಮುಂದಿಟ್ಟ.

ನಮ್ಮಲ್ಲಿ ತಲೆಯನ್ನು ಸಿಕ್ಕಿದವರ ಮುಂದೆ ಇಡುವುದಿಲ್ಲ. ಪಂಕ್ತಿಯಲ್ಲಿ ಎಲ್ಲರಿಗಿಂತ ದೊಡ್ಡ ಮನುಷ್ಯನಿಗೆ ಅದು. ಪಾಷ್ಕ್ ಮಜ್ಜಿಗೆಯ ಹೂಜಿ ತುಂಬಿಸಲು ಅಡುಗೆಮನೆಗೆ ಬಂದಾಗ ಬಾಗಿಲು ಮುಂದೆ ಮಾಡಿ ಕೇಳಿದೆ.

“ಆ ಮಗೂಗೆ ಯಾಕೆ ತಲೆ ಇಟ್ಟೆ?”

ಅವನು ಹೂಜಿಯನ್ನೇ ನೋಡುತ್ತಿದ್ದ. “ಅವನ ತಾಯಿ ಸಾಯ್ತಿದಾಳೆ.”

“ಯಾರು ಹೇಳಿದ್ದು?”

“ಯಜಮಾನ್ರು. ವಿಮಾನ ಇಳಿಯೋ ಹೊತ್ತಿಗೆ ಫೋನ್ ಮಾಡಿದ್ರು. ಹುಡುಗ ಹೊರಗೆ ಬಂದ ಕೂಡ್ಲೇ ಮನೆಗೆ ಮಾತಾಡಿಸು, ತಾಯಿಗೆ ಇನ್ನೂ ಎಚ್ಚರ ಇದೆ, ಮಗನ್ನೇ ಕೇಳ್ತಿದಾಳೆ ಅಂದ್ರು.”

“ಮಾತಾಡಿಸಿದ್ಯಾ?”

“ಉಂಡ ಮೇಲೆ ಹೇಳೋಣ.”

ಇದು ಎಲ್ಲಿಂದ ಬಂದ ಮಾತೆಂದು ನನಗೆ ಗೊತ್ತು. ಪಾಷ್ಕನ ತಾತನ ಮನೆಗೆ ಒಮ್ಮೆ ಅತಿಥಿ ಬಂದನಂತೆ. ಅವತ್ತೇ ಬೆಳಿಗ್ಗೆ ಮನೆಯ ಮಗ ಸತ್ತಿದ್ದ. ಹೆಣವನ್ನು ಒಳಕೋಣೆಯಲ್ಲಿಟ್ಟು, ಹೆಂಗಸರ ಬಾಯಿ ಮುಚ್ಚಿಸಿ, ಅತಿಥಿಗೆ ಉಣಬಡಿಸಿ, ಅವನನ್ನು ಹೊಳೆ ದಾಟಿಸಿ ಬಂದ ಮೇಲೆ ಅತ್ತರಂತೆ. ಹಸಿದು ಬಂದವನ ಕಿವಿಗೆ ಕೆಟ್ಟ ಸುದ್ದಿ ಹಾಕುವುದು ಬೆಟ್ಟದವರಲ್ಲಿ ಕೊಲೆಗಿಂತ ಸ್ವಲ್ಪ ಕಡಿಮೆ ಪಾಪ. ಪಾಷ್ಕ್ ಈ ಕತೆಯನ್ನು ಎದೆಯುಬ್ಬಿಸಿ ಹೇಳುತ್ತಾನೆ. ಕೇಳಿದವರೆಲ್ಲ ತಲೆದೂಗುತ್ತಾರೆ.

“ಅಲ್ಲಯ್ಯಾ, ನಿಮ್ಮ ತಾತನ ಮನೇಲಿ ಕಾಯ್ತಿದ್ದದ್ದು ಹೆಣ. ಹೆಣಕ್ಕೇನು ಅವಸರ? ಇಲ್ಲಿ ಜೀವ ಇರೋಳು ಕಾಯ್ತಿದಾಳೆ.”

“ಕೈಯಲ್ಲಿ ರೊಟ್ಟಿ ಹಿಡಿದವನಿಗೆ ಹೇಳು ಅಂತೀಯಾ? ನಮ್ಮ ವಂಶದಲ್ಲಿ ಯಾರೂ ಮಾಡಿಲ್ಲ.”

“ನಿಮ್ಮ ವಂಶದಲ್ಲಿ ಯಾರೂ ವ್ಯಾನೂ ಓಡಿಸಿರಲಿಲ್ಲ. ಕೊಡು ಫೋನು.”

“ಬಯಲಿನವರಿಗೆ ಅತಿಥಿ ಅಂದ್ರೆ ಏನು ಗೊತ್ತು,” ಎಂದು ಜೇಬಿನ ಮೇಲೆ ಕೈಯಿಟ್ಟ.

ನಾನು ಆ ಕೈಯನ್ನು ಕಿತ್ತು ಫೋನ್ ತೆಗೆದುಕೊಂಡೆ. ಅವನು ನನಗಿಂತ ಎರಡರಷ್ಟು ಗಟ್ಟಿ. ಬೇಡವೆಂದಿದ್ದರೆ ತಡೆಯಬಹುದಿತ್ತು, ತಡೆಯಲಿಲ್ಲ. ಯಜಮಾನರು ಕಳಿಸಿದ್ದ ನಂಬರ್ ಅದರಲ್ಲೇ ಇತ್ತು. ಒತ್ತಿದೆ.

ಡೆರ್ಲಿಸ್ ಕುರಿಯ ಕೆನ್ನೆಯ ಮಾಂಸ ಬಿಡಿಸುತ್ತಿದ್ದ. ಬೆರಳೆಲ್ಲ ಕೊಬ್ಬು.

“ಕೈ ಒರೆಸ್ಕೋ ಮಗಾ. ನಿಮ್ಮ ಮನೆಗೆ ಫೋನ್ ಹೋಗ್ತಿದೆ, ಮಾತಾಡು.”

ಅವನು ಗಾಬರಿಯಾಗಲಿಲ್ಲ. ನನಗೇನೋ ತಿಳಿಯದೆಂದು ಭಾವಿಸಿ ನಯವಾಗಿ ಹೇಳಿದ: “ಇವತ್ತಲ್ಲ ದೊಡ್ಡಮ್ಮ. ಮನೆಗೆ ಮಾತಾಡೋಕೆ ನಮಗೆ ವಾರದಲ್ಲಿ ಒಂದೇ ದಿನ. ಇವತ್ತಲ್ಲ.”

“ನಿಮ್ಮಮ್ಮ ಉಳಿಯಲ್ಲ ಕಣೋ. ಬೇಗ ತಗೋ.”

ಆ ಕಡೆ ಒಂದು ಹುಡುಗಿಯ ದನಿ ಬಂತು. ಇವನು ಅವರ ಭಾಷೆಯಲ್ಲಿ ಏನೇನೋ ಕೇಳಿದ. ಅಮ್ಮಾ ಎಂದು ಕರೆದ. ಇನ್ನೊಮ್ಮೆ, ಜೋರಾಗಿ. ಆಮೇಲೆ ಕರೆಯಲಿಲ್ಲ. ಫೋನನ್ನು ತಟ್ಟೆಯ ಪಕ್ಕ ಮೆಲ್ಲಗೆ ಇಟ್ಟ.

“ತಂಗಿ,” ಎಂದ. “ಅಮ್ಮ ಈಗ ತಾನೇ ಹೋದ್ಳಂತೆ. ವಿಮಾನ ಇಳಿದಿದೆ ಅಂತ ಅವರಿಗೆ ಗೊತ್ತಿತ್ತಂತೆ. ಫೋನನ್ನ ಅಮ್ಮನ ದಿಂಬಿನ ಮೇಲೇ ಇಟ್ಟಿದ್ರಂತೆ.” ಸರಿಯಾದ ಪದಗಳಿಗಾಗಿ ಅವನು ಹುಡುಕಾಡುತ್ತಿದ್ದ. “ನಿಮಗೆ ಯಾವಾಗ ಗೊತ್ತಾಯ್ತು?”

ಪಾಷ್ಕ್ ಬಾಗಿಲಲ್ಲಿ ಬಂದು ನಿಂತಿದ್ದ. ಸಾವಿನ ಮನೆಯಲ್ಲಿ ನಮ್ಮ ಗಂಡಸರು ನಿಲ್ಲುವಂತೆ ಅಂಗೈಯನ್ನು ಎದೆಗೆ ಒತ್ತಿಕೊಂಡಿದ್ದ.

“ಇವಳಿಗೆ ಈಗ. ನನಗೆ ವಿಮಾನ ನಿಲ್ದಾಣದಲ್ಲೇ.”

“ದಾರೀಲಿ ವ್ಯಾನ್ ನಿಲ್ಲಿಸಿದ್ರಿ. ಫೋಟೋ ತೆಗೆದ್ರಿ.”

“ಹೌದು.”

“ಯಾಕೆ?”

“ನೀನು ಅತಿಥಿ,” ಎಂದ ಪಾಷ್ಕ್.

ಹುಡುಗ ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಎದ್ದು ಅಂಗಳಕ್ಕೆ ಹೊರಟ. ಮಿಷನ್ನಿನ ನಿಯಮದಂತೆ ಈ ಹುಡುಗರು ಯಾವತ್ತೂ ಒಂಟಿಯಾಗಿರಬಾರದು, ಒಬ್ಬನ ಕಣ್ಣಳತೆಯಲ್ಲಿ ಇನ್ನೊಬ್ಬ ಇರಬೇಕು. ಅಂತಹ ಹೊತ್ತಿನಲ್ಲೂ ಅವನು ಬಾಗಿಲ ಬಳಿ ನಿಂತು ತಿರುಗಿ ನೋಡಿದ. ಉಳಿದಿಬ್ಬರಲ್ಲಿ ಒಬ್ಬ ಬಾಯಲ್ಲಿದ್ದುದನ್ನು ನುಂಗಿ ಹಿಂದೆ ಹೋದ. ಡೆರ್ಲಿಸ್ ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಹಿಂದೆ ಹೋದವನು ಎರಡು ಮಾರು ದೂರದಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

“ಹೊಟ್ಟೆಗಾದ್ರೂ ಬಿತ್ತು,” ಎಂದ ಪಾಷ್ಕ್, ಪಿಸುದನಿಯಲ್ಲಿ.

“ಬಾಯಿ ಮುಚ್ಚು,” ಎಂದೆ.

ಮೇಜಿನ ಮೇಲಿದ್ದ ಫೋನ್ ರಿಂಗಾಯಿತು. ಯಜಮಾನರು. ಪಾಷ್ಕ್ ಅದನ್ನೆತ್ತಿ ನನ್ನ ಕಡೆ ಚಾಚಿದ. ನಾನು ಕೈಗಳನ್ನು ಏಪ್ರನ್ನಿನೊಳಗೆ ಸುತ್ತಿಕೊಂಡೆ. ಅದು ಅವನ ಅಂಗೈಯಲ್ಲಿ ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ಕಿವಿಗಿಟ್ಟುಕೊಂಡ.

“ಇಲ್ಲ,” ಎಂದ. “ಮಾತಾಡೋಕೆ ಆಗ್ಲಿಲ್ಲ. ನಾನೇ ತಡೆದೆ.”