ಬಿಡಿಸದ ತುದಿ

ನಾಗಸೇನನಿಗೆ ಹೊಸ ಸಾಮಾನಿನ ಹುಚ್ಚು. ಹೈದರಾಬಾದಿನಿಂದ ಅಳೆಯುವ ಚಿಮಟಾ ತರಿಸಿದ ಮೇಲೆ, ಬೀದರಿನ ಕಾಳಿನ ಪೇಟೆ ಗಾಂಧಿ ಗಂಜದ ಹಿಂದಿನ ಅವನ ರಿಪೇರಿ ಅಂಗಡಿಯಲ್ಲಿ ಅದರದೇ ದರ್ಬಾರು. ಬೋರ್ಡಿನ ಮೇಲಿನ ಪುಟಾಣಿ ರೆಸಿಸ್ಟರನ್ನು ಎರಡು ಮೊನೆಗಳ ನಡುವೆ ಹಿಡಿದರೆ ಸಾಕು, ಹಿಡಿಕೆಯ ಪರದೆಯಲ್ಲಿ ಅಳತೆ ಮೂಡುತ್ತಿತ್ತು. ಬೆಸುಗೆ ಬಿಚ್ಚುವ ರಗಳೆಯೇ ಬೇಡ. ಪಾಲುದಾರ ಮುನೀರೋದ್ದೀನ ಮಾತ್ರ ಹಳೆಯ ಚಾಳಿ ಬಿಡಲಿಲ್ಲ. ಒಂದು ತುದಿ ಬಿಡಿಸದೆ ಅವನು ಯಾವುದನ್ನೂ ಅಳೆಯುತ್ತಿರಲಿಲ್ಲ. ಬೋರ್ಡಿನಲ್ಲಿ ಕೂತಿರುವಾಗ ಅಳೆದರೆ ಅಕ್ಕಪಕ್ಕದ ಭಾಗಗಳದ್ದೂ ಬೆರೆತು ಲೆಕ್ಕ ತಪ್ಪುತ್ತದೆ ಎಂಬುದನ್ನು ಐಟಿಐಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕಲಿತಿದ್ದರು. ನಾಗಸೇನ ಅದನ್ನು ಮರೆತಿರಲಿಲ್ಲ. ಮರೆತವನ ಹಾಗೆ ಇದ್ದ, ಅಷ್ಟೇ.

ತೊಗರಿಯ ಸುಗ್ಗಿ ಜೋರಾಗಿತ್ತು. ಅಡತಿ ಅಂಗಡಿಯ ಮಕರಂದರಾವ ತಮ್ಮ ಎಲೆಕ್ಟ್ರಾನಿಕ್ ಕಾಟಾ ಹೊರಿಸಿಕೊಂಡು ಬಂದು ಕೆಂಡ ಕಾರಿದರು. ಒಂದೇ ಚೀಲಕ್ಕೆ ಸಲಕ್ಕೊಂದು ತೂಕ ತೋರಿಸುತ್ತದಂತೆ. ಹಿಂದೆ ಅದನ್ನು ರಿಪೇರಿ ಮಾಡಿದ್ದವನು ಮುನೀರೋದ್ದೀನ. ನಾಗಸೇನ ಅವರೆದುರೇ ಚಿಮಟಾ ಹಿಡಿದ. ಗೆಳೆಯ ಹಾಕಿದ್ದ ರೆಸಿಸ್ಟರ್, ತನ್ನ ಮೇಲಿನ ಗುರುತು ಹೇಳುವ ಅಳತೆಯ ಅರ್ಧದಷ್ಟೇ ತೋರಿಸಿತು.

"ಡುಪ್ಲಿಕೇಟ್ ಮಾಲು ಹಾಕ್ಯಾನ್ರಿ" ಅಂದುಬಿಟ್ಟ.

ಪಕ್ಕದಲ್ಲೇ ಇದ್ದ ಮುನೀರೋದ್ದೀನನ ಮುಖ ಕಪ್ಪಿಟ್ಟಿತು. "ಒಂದ್ ತುದಿ ಬಿಡಿಸಿ ನೋಡೋ, ನಾಗಸೇನ" ಎಂದ ಮೆಲ್ಲಗೆ.

ಗಿರಾಕಿಯ ಮುಂದೆ ಆಡಿದ ಮಾತನ್ನು ನುಂಗಲು ನಾಗಸೇನನ ಜಂಬ ಬಿಡಲಿಲ್ಲ. ಮಷಿನ್ನು ಸುಳ್ಳು ಹೇಳುತ್ತದೆಯೇ ಎಂದು ಕೇಳಿದ. ಮುನೀರೋದ್ದೀನ ತನ್ನ ಬುತ್ತಿ ಡಬ್ಬಿ ತೆಗೆದುಕೊಂಡು ಹೊರಟವನು ಮತ್ತೆ ಬರಲಿಲ್ಲ. ಔರಾದಿನಲ್ಲಿ ಅಣ್ಣನ ಮನೆ ಸೇರಿದ.

ರೆಸಿಸ್ಟರ್ ಬದಲಿಸಲೆಂದು ಕಿತ್ತು, ಹೊರಗಿಟ್ಟು ಅಳೆದಾಗ ಅದು ತಕ್ಕ ಅಳತೆಯನ್ನೇ ತೋರಿಸಿತು. ನಾಗಸೇನ ಕಾಟಾವನ್ನು ಪೂರ್ತಿ ಬಿಚ್ಚಿದ. ದೋಷವಿದ್ದದ್ದು ತಟ್ಟೆಯ ಕೆಳಗೆ ಸವೆದುಹೋಗಿದ್ದ ಒಂದು ವೈರಿನಲ್ಲಿ. ಅದನ್ನು ಸರಿಪಡಿಸಿ ಕಾಟಾ ಒಪ್ಪಿಸಲು ಹೋದಾಗ, ಆ ಡುಪ್ಲಿಕೇಟ್ ತೆಗೆದಿರೇನು ಎಂದು ಮಕರಂದರಾವ ಕೇಳಿದರು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾಗಸೇನ ಹೂಂ ಎಂದ. ಆ ಹೂಂ ಗಂಜದ ತುಂಬ ಹಬ್ಬಿತು.

ಕಡೆಗೊಂದು ದಿನ ನಾಗಸೇನ ಔರಾದಿನ ಬಸ್ಸು ಹತ್ತಿ, ಸಂತಪುರ ದಾಟುವವರೆಗೂ ಮಾಫಿ ಕೇಳುವ ಮಾತನ್ನು ಬಾಯಿಪಾಠ ಮಾಡಿದ. ಮುನೀರೋದ್ದೀನ ಬೈಯಲಿಲ್ಲ. ಚಹಾ ತರಿಸಿ ಎಲ್ಲವನ್ನೂ ಕೇಳಿಸಿಕೊಂಡ. ಈಗ ಭಾಲ್ಕಿಯ ಅಡತಿಯವರೂ ತನ್ನ ಕೈಗೆ ಕಾಟಾ ಕೊಡುತ್ತಿಲ್ಲ ಎಂದ.

"ನನಗ ಹೇಳ್ದಿ, ಛಲೋ ಆಯ್ತು. ಗಂಜದಾಗ ಹೇಳಿದೇನು?"

ಮರುದಿನ ಬೆಳಿಗ್ಗೆಯೇ ನಾಗಸೇನ ಮಕರಂದರಾವರ ಅಂಗಡಿಗೆ ಹೋದ. ಹಮಾಲರಿಗೂ ಕೇಳುವಂತೆ, ಮಾಲು ಅಸಲಿಯೇ ಇತ್ತು, ತಪ್ಪು ಅಳೆದವನು ನಾನು, ಸುಳ್ಳು ಹೇಳಿದವನೂ ನಾನೇ ಎಂದ. ಮಕರಂದರಾವ ನಕ್ಕು ಅವನ ಹೆಗಲ ಮೇಲೆ ಕೈಯಿಟ್ಟರು.

"ದೋಸ್ತನ ಮ್ಯಾಲ ನಿಮಗ ಭಾಳ ಮಾಯಾ-ಮಮತಾ ಅದರಿ. ಅವನ ತಪ್ಪು ನಿಮ್ಮ ತಲಿ ಮ್ಯಾಲ ಹೊತ್ಕೊಳ್ಳಾಕತ್ತೀರಿ."

ಇಲ್ಲ, ನಿಜವಾಗಿಯೂ ಹಾಗಲ್ಲ ಎಂದು ನಾಗಸೇನ ಮತ್ತೆ ಹೇಳಿದ. ಹೇಳಿದಷ್ಟೂ ಅವರಿಗೆ ಅವನು ದೊಡ್ಡ ಮನುಷ್ಯನಾಗಿ ಕಂಡ. ಹಮಾಲರು ಕಾಟಾದ ಮೇಲೆ ಚೀಲ ಇಟ್ಟರು. ತೂಕ ಬರೋಬ್ಬರಿ ಬಂತು. ಸಂಜೆ ಫೋನ್ ಮಾಡಿ ಹೇಳುತ್ತೇನೆಂದು ಮುನೀರೋದ್ದೀನನಿಗೆ ಮಾತು ಕೊಟ್ಟು ಬಂದಿದ್ದ. ಏನೆಂದು ಹೇಳುವುದೋ ತಿಳಿಯದೆ ನಾಗಸೇನ ಅಲ್ಲೇ ನಿಂತ.